ಬ್ಯಾಗು ತೆರೆಯಬೇಡಿ ಅನ್ನುವ ಹಕ್ಕಿಲ್ಲ, ಓದಲಾಗದ್ದಕ್ಕೆ ಸಹಿ ಹಾಕಲ್ಲ ಅನ್ನಬಹುದು

ಪ್ರಶ್ನೆ: ನನ್ನ ತಮ್ಮ ಕಳೆದ ತಿಂಗಳು ಕಂಪನಿ ಕೆಲಸದ ಮೇಲೆ ಹೊರದೇಶಕ್ಕೆ ಹೊರಟಿದ್ದ. ಮಧ್ಯೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸಬೇಕಿತ್ತು. ಮುಂದಿನ ವಿಮಾನ ಮರುದಿನ ಬೆಳಿಗ್ಗೆ ಇದ್ದಿದ್ದರಿಂದ ರಾತ್ರಿ ಹೋಟೆಲಿನಲ್ಲಿ ಉಳಿಯೋಣ ಎಂದು ಸೂಟ್‌ಕೇಸ್ ತೆಗೆದುಕೊಂಡು ಹೊರಗೆ ಬಂದ. ಅಲ್ಲಿ ಕಸ್ಟಮ್ಸ್‌ನವರು ಪಕ್ಕಕ್ಕೆ ಕರೆದು ಸೂಟ್‌ಕೇಸ್ ಬಿಚ್ಚಿದರು. ಬೆನ್ನುನೋವಿಗೆ ಡಾಕ್ಟರು ಬರೆದುಕೊಟ್ಟಿದ್ದ ಟ್ರಮಡಾಲ್ ಮಾತ್ರೆಯ ಎರಡು ಸ್ಟ್ರಿಪ್ ಸಿಕ್ಕವು. ಸ್ನೇಹಿತನೊಬ್ಬ ಅಲ್ಲಿರುವ ತನ್ನ ಪರಿಚಯದವರಿಗೆ ಕೊಡು ಎಂದು ಕೊಟ್ಟಿದ್ದ ವೇಪ್ (ಇ-ಸಿಗರೇಟು) ಕೂಡ ಸಿಕ್ಕಿತು. ಎರಡು ಗಂಟೆ ಒಂದು ರೂಮಿನಲ್ಲಿ ಕೂರಿಸಿದರು. ಎರಡನ್ನೂ ತೆಗೆದುಕೊಂಡು, ಅಲ್ಲಿನ ಭಾಷೆಯಲ್ಲಿದ್ದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡು ಬಿಟ್ಟರು. ಅದರಲ್ಲಿ ಏನಿತ್ತು ಎಂದು ಅವನಿಗೆ ಗೊತ್ತಿಲ್ಲ. ಮೂರು ತಿಂಗಳಲ್ಲಿ ಮತ್ತೆ ಅದೇ ದಾರಿಯಲ್ಲಿ ಹೋಗಬೇಕು. ಅವನನ್ನು ಕೇಳದೆ ಬ್ಯಾಗು ಬಿಚ್ಚುವ ಅಧಿಕಾರ ಅವರಿಗಿತ್ತೇ? ಪ್ರಿಸ್ಕ್ರಿಪ್ಷನ್ ಇದ್ದರೂ ಮಾತ್ರೆ ಯಾಕೆ ಕಿತ್ತುಕೊಂಡರು? ವಕೀಲರನ್ನು ಕೇಳಬಹುದಿತ್ತೇ? ಸಹಿ ಹಾಕಿದ್ದು ತಪ್ಪಾಯಿತೇ? ಅವನ ಹೆಸರಿನಲ್ಲಿ ಈಗ ಕೇಸು ಇದೆಯೇ? ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ಉತ್ತರ: ಮೊದಲು ನಿದ್ದೆಯ ವಿಷಯ. ವಸ್ತು ತೆಗೆದುಕೊಂಡು, ಪಾಸ್‌ಪೋರ್ಟ್ ವಾಪಸ್ ಕೊಟ್ಟು, ಅದೇ ದಿನ ಕಳಿಸಿದ್ದಾರೆ ಅಂದರೆ ಸಾಮಾನ್ಯವಾಗಿ ಅದು ಜಪ್ತಿಯ ಮಟ್ಟದಲ್ಲೇ ಮುಗಿದಿರುತ್ತದೆ. ಕ್ರಿಮಿನಲ್ ಕೇಸು ಹಾಕುವವರು ಆರೋಪಿಯನ್ನು ಮುಂದಿನ ವಿಮಾನ ಹತ್ತಿಸುವುದು ತೀರ ಅಪರೂಪ. ಹಾಗಂತ ನೂರಕ್ಕೆ ನೂರು ಏನೂ ಇಲ್ಲ ಎಂದು ನಾನು ಹೇಳಲಾರೆ. ಅದನ್ನು ಹೇಳಬೇಕಾದ್ದು ಆ ಹಾಳೆ. ಅದಕ್ಕೆ ಆಮೇಲೆ ಬರುತ್ತೇನೆ.

ಬ್ಯಾಗಿನ ಪ್ರಶ್ನೆಗೆ ಉತ್ತರ ಚಿಕ್ಕದು. ಹೌದು, ಅಧಿಕಾರ ಇತ್ತು. ಗಡಿ ದಾಟುವಾಗ ಬ್ಯಾಗು ತಪಾಸಣೆ ಮಾಡಲು ಯಾವ ದೇಶದಲ್ಲೂ ನಿಮ್ಮ ಒಪ್ಪಿಗೆ ಬೇಕಿಲ್ಲ, ಕೋರ್ಟಿನ ವಾರಂಟೂ ಬೇಕಿಲ್ಲ. ಮನೆಗೆ ಪೊಲೀಸರು ಬರುವುದಕ್ಕೂ ಗಡಿಯಲ್ಲಿ ಬ್ಯಾಗು ಬಿಚ್ಚುವುದಕ್ಕೂ ಕಾನೂನಿನಲ್ಲಿ ತುಂಬಾ ಅಂತರ ಇದೆ. ಚೆಕ್-ಇನ್ ಮಾಡಿದ ಬ್ಯಾಗನ್ನಂತೂ ನೀವು ಇಲ್ಲದಿರುವಾಗಲೂ ತೆರೆಯಬಹುದು. ಬೀಗ ಒಡೆಯಲೂಬಹುದು. ನೀವು ಕೇಳಬಹುದಾದ್ದು ಇಷ್ಟು: ನನ್ನ ಎದುರಿಗೇ ತೆರೆಯಿರಿ, ಸಿಕ್ಕಿದ್ದನ್ನು ನನ್ನ ಮುಂದೆಯೇ ಎಣಿಸಿ, ತೂಗಿ, ಬರೆದುಕೊಳ್ಳಿ. ಬಟ್ಟೆ ಬಿಚ್ಚಿಸಿ ಮೈ ತಪಾಸಣೆ ಮಾಡುವ ಮಾತು ಬಂದರೆ ಹೆಂಗಸರಿಗೆ ಹೆಂಗಸು, ಗಂಡಸರಿಗೆ ಗಂಡಸು ಬರಬೇಕು, ಮೇಲಧಿಕಾರಿಯನ್ನು ಕರೆಸಿ ಎಂದು ಕೇಳಬಹುದು. ಅಂಥ ತಪಾಸಣೆಗೆ ಸುಮ್ನೆ ಅನುಮಾನ ಸಾಲದು, ಗಟ್ಟಿ ಕಾರಣ ಬೇಕು ಎಂದು ಬಹಳಷ್ಟು ದೇಶಗಳ ಕಾನೂನು ಹೇಳುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಏರ್‌ಪೋರ್ಟಿನಲ್ಲಿ ಎರಡು ಬೇರೆ ಬೇರೆ ತಪಾಸಣೆಗಳಿವೆ. ಸೆಕ್ಯುರಿಟಿಯವರು ನೋಡುವುದು ವಿಮಾನಕ್ಕೆ ಅಪಾಯ ಆಗುವ ವಸ್ತು. ಕತ್ತರಿ, ನೂರು ಮಿಲಿಗಿಂತ ಜಾಸ್ತಿ ದ್ರವ, ಚೆಕ್-ಇನ್ ಬ್ಯಾಗಿನಲ್ಲಿಟ್ಟ ಪವರ್ ಬ್ಯಾಂಕ್ ಇಂಥವು. ಅಲ್ಲಿ ಸಿಕ್ಕರೆ ಬಹುತೇಕ ಡಬ್ಬಿಗೆ ಹಾಕಿ ಮುಂದೆ ಹೋಗುತ್ತೀರಿ. ಕಸ್ಟಮ್ಸ್‌ನವರು ನೋಡುವುದು ಆ ದೇಶದೊಳಗೆ ಏನು ಬರಬಾರದು ಅನ್ನುವುದನ್ನು. ಅಲ್ಲಿ ಸಿಕ್ಕಿದ್ದು ಅಪರಾಧವೇ ಆಗಿರಬಹುದು. ಒಂದೇ ವಸ್ತು ಎರಡೂ ಕಡೆ ಸಿಕ್ಕಿಬೀಳುವುದೂ ಉಂಟು. ಉದಾಹರಣೆಗೆ ಬಂದೂಕಿನ ಗುಂಡು. ಬೇಟೆಗೋ ಶೂಟಿಂಗ್ ಅಭ್ಯಾಸಕ್ಕೋ ಒಯ್ದ ಚೀಲದ ಮೂಲೆಯಲ್ಲಿ ಒಂದೆರಡು ಗುಂಡು ಉಳಿದುಬಿಡುತ್ತವೆ. ಕೆರಿಬಿಯನ್ ಕಡೆಯ ಟರ್ಕ್ಸ್ ಅಂಡ್ ಕೈಕೋಸ್ ದ್ವೀಪಗಳಲ್ಲಿ 2024ರಲ್ಲಿ ಹೀಗೇ ಹಲವು ಅಮೆರಿಕನ್ ಪ್ರವಾಸಿಗರು ಸಿಕ್ಕಿಬಿದ್ದರು. ಆಗ ಅಲ್ಲಿನ ಕಾನೂನಿನಲ್ಲಿ ಕನಿಷ್ಠ ಶಿಕ್ಷೆಯೇ 12 ವರ್ಷ ಇತ್ತು. ಕೊನೆಗೆ ಕೋರ್ಟು ದಂಡ ಹಾಕಿ, ಜೈಲು ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಬಿಟ್ಟಿತು. ಆಮೇಲೆ ಅಲ್ಲಿನ ಕಾನೂನನ್ನೂ ತಿದ್ದಿದರು. ಆದರೆ ಅಲ್ಲಿಯವರೆಗೆ ಆ ಜನ ಊರಿಗೆ ಹೋಗಲಾಗದೆ, ಕೆಲಸ ಬಿಟ್ಟು, ವಕೀಲರಿಗೆ ದುಡ್ಡು ಸುರಿಯುತ್ತಾ ದ್ವೀಪದಲ್ಲಿ ಕೂತಿದ್ದರು.

ಈಗ ಮಾತ್ರೆ. "ಪ್ರಿಸ್ಕ್ರಿಪ್ಷನ್ ಇದೆಯಲ್ಲ" ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಡಾಕ್ಟರ ಚೀಟಿ ಹೇಳುವುದು ಈ ಔಷಧ ನಿಮಗೆ ಬೇಕು ಎಂದು ಮಾತ್ರ. ಆ ದೇಶದೊಳಗೆ ತರಬಹುದು ಎಂದು ಅದು ಹೇಳುವುದಿಲ್ಲ. ಒಂದು ದೇಶದಲ್ಲಿ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ ಇನ್ನೊಂದು ದೇಶದಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿರುತ್ತದೆ. ಟ್ರಮಡಾಲ್ ಅಂಥವುಗಳಲ್ಲಿ ಮೊದಲ ಸಾಲಿನದು. 2017ರಲ್ಲಿ ಬ್ರಿಟನ್ನಿನ ಮಹಿಳೆಯೊಬ್ಬರು 290 ಟ್ರಮಡಾಲ್ ಮಾತ್ರೆಗಳ ಜೊತೆ ಈಜಿಪ್ಟಿಗೆ ಹೋದರು. ಸಂಗಾತಿಯ ಬೆನ್ನುನೋವಿಗೆ ತಂದೆ ಎಂದರು. ಮೂರು ವರ್ಷ ಜೈಲು ಆಯಿತು. 2019ರ ಜನವರಿಯಲ್ಲಿ ಕ್ಷಮಾದಾನ ಸಿಕ್ಕಿ ಹೊರಬಂದರು. ಯುಎಇಯಲ್ಲಿ ಟ್ರಮಡಾಲ್, ಕೋಡೀನ್ ಇರುವ ಔಷಧ ತರಲು ಮೊದಲೇ ಆನ್‌ಲೈನ್ ಅನುಮತಿ ಪಡೆಯಬೇಕು. ಜಪಾನ್ ಇನ್ನೂ ಬಿಗಿ. ಗಮನ ಕೊರತೆಯ ತೊಂದರೆಗೆ ಅಮೆರಿಕದಲ್ಲಿ ಧಾರಾಳವಾಗಿ ಬರೆದುಕೊಡುವ ಆಂಫೆಟಮಿನ್ ಮಾತ್ರೆಗಳನ್ನು ಯಾವ ಚೀಟಿ ತೋರಿಸಿದರೂ ಅಲ್ಲಿಗೆ ಒಯ್ಯುವಂತಿಲ್ಲ. ಶೀತಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳಲ್ಲಿ ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಜಾಸ್ತಿ ಇದ್ದರೆ ಅವಕ್ಕೂ ತಡೆ.

ನಿಮ್ಮ ತಮ್ಮನ ವಿಷಯದಲ್ಲಿ ಎರಡು ಸ್ಟ್ರಿಪ್ ಅಂದರೆ ಸಣ್ಣ ಪ್ರಮಾಣ. ಜೊತೆಗೆ ಅವನದೇ ಹೆಸರಿನ ಚೀಟಿ ಇತ್ತು. ವೈಯಕ್ತಿಕ ಬಳಕೆ ಎಂದು ನಂಬಲು ಅಧಿಕಾರಿಗೆ ಇಷ್ಟು ಸಾಕಾಗಿರಬಹುದು. ಚೀಟಿ ಅವನಿಗೆ ಅನುಮತಿ ತಂದುಕೊಡಲಿಲ್ಲ, ಆದರೆ ಅವನ ಉದ್ದೇಶಕ್ಕೆ ಸಾಕ್ಷಿ ಹೇಳಿತು. ಈ ವ್ಯತ್ಯಾಸ ಮುಖ್ಯ.

ವೇಪ್ ಬಗ್ಗೆ ಜನ ಇನ್ನೂ ಹಗುರವಾಗಿದ್ದಾರೆ. ಸಿಂಗಾಪುರದಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಥಾಯ್ಲೆಂಡಿನಲ್ಲಿ 2014ರಿಂದ ಅದರ ಆಮದಿಗೆ ನಿಷೇಧ ಇದೆ. ಹೀಗೆ ಒಂದೊಂದು ದೇಶಕ್ಕೆ ಒಂದೊಂದು. ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ತಂದು ಭಾರತದ ಏರ್‌ಪೋರ್ಟುಗಳಲ್ಲಿ ಸಿಕ್ಕಿಬಿದ್ದ ವಿದೇಶಿಯರಿದ್ದಾರೆ, ಅವರ ಊರಿನಲ್ಲಿ ಅದು ಚಾರಣಕ್ಕೆ ಒಯ್ಯುವ ಮಾಮೂಲಿ ಸಾಮಾನು. ಗಸಗಸೆ ಯುಎಇಗೆ ತರುವಂತಿಲ್ಲ. ಆನೆದಂತ, ಕೆಲವು ಬಗೆಯ ಹವಳ, ಚಿಪ್ಪು, ಚರ್ಮದ ವಸ್ತುಗಳಿಗೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ತಡೆಯುವ 1973ರ ಸೈಟೀಸ್ ಒಪ್ಪಂದದ ತಡೆ ಇದೆ. ಅದನ್ನು ಕೊಂಡದ್ದಕ್ಕೆ ಅಂಗಡಿಯವನು ಬಿಲ್ ಕೊಟ್ಟಿದ್ದಾನೆ ಅನ್ನುವುದು ಯಾವ ಪ್ರಯೋಜನಕ್ಕೂ ಬರುವುದಿಲ್ಲ.

"ನಾನು ಆ ದೇಶಕ್ಕೆ ಹೋಗುತ್ತಲೇ ಇರಲಿಲ್ಲ, ಬರೀ ವಿಮಾನ ಬದಲಿಸುತ್ತಿದ್ದೆ" ಅನ್ನುವುದು ಇನ್ನೊಂದು ತಪ್ಪು ಕಲ್ಪನೆ. ಟ್ರಾನ್ಸಿಟ್ ಲಾಂಜ್ ಕೂಡ ಆ ದೇಶದ ನೆಲವೇ. 2002ರಲ್ಲಿ ಆಸ್ಟ್ರೇಲಿಯದ ಯುವಕನೊಬ್ಬ ಸಿಂಗಾಪುರದ ಚಾಂಗಿ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸುವಾಗ ಹೆರಾಯಿನ್ ಸಮೇತ ಸಿಕ್ಕಿಬಿದ್ದ. ಅವನು ಹೊರಟಿದ್ದು ತನ್ನ ದೇಶಕ್ಕೆ. ಆಸ್ಟ್ರೇಲಿಯ ಸರ್ಕಾರ ಪ್ರಧಾನಿ ಮಟ್ಟದಲ್ಲಿ ಕೇಳಿಕೊಂಡರೂ 2005ರ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ನಿಮ್ಮ ತಮ್ಮ ಲಾಂಜಿನಲ್ಲೂ ಉಳಿಯದೆ ಸೂಟ್‌ಕೇಸ್ ಹಿಡಿದು ಹೊರಗೆ ಬಂದಿದ್ದಾನೆ. ಅಂದರೆ ಪೂರ್ತಿಯಾಗಿ ಆ ದೇಶದೊಳಗೆ ಕಾಲಿಟ್ಟ ಹಾಗೆಯೇ.

"ನನಗೆ ಗೊತ್ತಿರಲಿಲ್ಲ" ಅನ್ನುವ ಮಾತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ಎಲ್ಲರೂ ಇದನ್ನೇ ಹೇಳುತ್ತಾರೆ, ಹಲವರ ಬಾಯಲ್ಲಿ ಅದು ನಿಜವೂ ಆಗಿರುತ್ತದೆ. ಇದರಲ್ಲಿ ಎರಡು ಬಗೆ. ಈ ವಸ್ತುವಿಗೆ ಇಲ್ಲಿ ನಿಷೇಧ ಇದೆ ಎಂದು ಗೊತ್ತಿರಲಿಲ್ಲ ಅನ್ನುವುದು ಒಂದು. ಅದು ಬಹುತೇಕ ಎಲ್ಲೂ ನಡೆಯಲ್ಲ, ಶಿಕ್ಷೆ ಕಡಿಮೆ ಮಾಡಲು ಅಷ್ಟಿಷ್ಟು ಸಹಾಯ ಆಗಬಹುದು. ಈ ವಸ್ತು ನನ್ನ ಬ್ಯಾಗಿನಲ್ಲಿದೆ ಎಂದೇ ಗೊತ್ತಿರಲಿಲ್ಲ ಅನ್ನುವುದು ಇನ್ನೊಂದು. ಅದು ಬಹಳ ಕಡೆ ನಿಜವಾದ ಪ್ರತಿವಾದ. ಆದರೆ ಅದನ್ನು ಯಾರು ಸಾಬೀತು ಮಾಡಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಸಿಂಗಾಪುರದ 1973ರ ಮಾದಕ ವಸ್ತು ಕಾನೂನಿನಲ್ಲಿ ಡ್ರಗ್ಸ್ ನಿಮ್ಮ ವಶದಲ್ಲಿ ಸಿಕ್ಕರೆ ಅದು ಏನು ಎಂದು ನಿಮಗೆ ಗೊತ್ತಿತ್ತು ಎಂದೇ ಹಿಡಿಯುತ್ತಾರೆ. ಗೊತ್ತಿರಲಿಲ್ಲ ಎಂದು ತೋರಿಸುವ ಭಾರ ನಿಮ್ಮದು. 15 ಗ್ರಾಮಿಗಿಂತ ಜಾಸ್ತಿ ಗಾಂಜಾ ಇದ್ದರೆ ಮಾರಾಟಕ್ಕೇ ಇಟ್ಟುಕೊಂಡಿದ್ದೀರಿ ಎಂದು ಹಿಡಿಯುತ್ತಾರೆ. ಅದನ್ನೂ ಅಲ್ಲಗಳೆಯಬೇಕಾದವರು ನೀವೇ.

ಹಾಗಾದರೆ ಗೊತ್ತಿರಲಿಲ್ಲ ಎಂದು ತೋರಿಸುವುದು ಹೇಗೆ? 2023ರ ಮಾರ್ಚಿನಲ್ಲಿ ಬ್ರೆಜಿಲ್‌ನ ಇಬ್ಬರು ಮಹಿಳೆಯರು ರಜೆಗೆಂದು ಜರ್ಮನಿಗೆ ಹೊರಟರು. ಫ್ರಾಂಕ್‌ಫರ್ಟಿನಲ್ಲಿ ಅವರ ಹೆಸರಿನ ಟ್ಯಾಗ್ ಇದ್ದ ಎರಡು ಸೂಟ್‌ಕೇಸಿನಲ್ಲಿ 40 ಕಿಲೋ ಕೊಕೇನ್ ಇತ್ತು. ಆ ಸೂಟ್‌ಕೇಸುಗಳು ಅವರವೇ ಅಲ್ಲ. ಸಾವೊ ಪಾವ್ಲೊ ಏರ್‌ಪೋರ್ಟಿನ ಒಳಗೆ ಬ್ಯಾಗು ಸಾಗಿಸುವವರೇ ಟ್ಯಾಗುಗಳನ್ನು ಕಿತ್ತು ಬೇರೆ ಸೂಟ್‌ಕೇಸಿಗೆ ಅಂಟಿಸಿದ್ದರು. ಬ್ರೆಜಿಲ್ ಪೊಲೀಸರು ಸಿಸಿಟಿವಿ ತೆಗೆದು ಜರ್ಮನಿಗೆ ಕಳಿಸಿದ ಮೇಲೆ ಬಿಡುಗಡೆ ಆಯಿತು. ಅಷ್ಟರಲ್ಲಿ 38 ದಿನ ಜೈಲಿನಲ್ಲಿ ಕಳೆದಿದ್ದರು. ಇನ್ನೊಂದು, ದೋಹಾದ್ದು. 2019ರಲ್ಲಿ ಮಧುಚಂದ್ರಕ್ಕೆ ಹೋದ ಭಾರತದ ದಂಪತಿಯ ಬ್ಯಾಗಿನಲ್ಲಿ ನಾಲ್ಕು ಕಿಲೋ ಚರಸ್ ಸಿಕ್ಕಿತು. ಹತ್ತಿರದ ಸಂಬಂಧಿಯೇ ಪೊಟ್ಟಣ ಕೊಟ್ಟು ಒಯ್ಯಲು ಹೇಳಿದ್ದರು. ಹತ್ತು ವರ್ಷ ಶಿಕ್ಷೆ ಆಯಿತು. ಮನೆಯವರು ದೂರು ಕೊಟ್ಟು, ಪೊಟ್ಟಣ ಕೊಟ್ಟವರ ಮೇಲೆ ಭಾರತದಲ್ಲಿ ತನಿಖೆ ನಡೆದು, ಆ ಸಾಕ್ಷ್ಯ ಕತಾರಿನ ಕೋರ್ಟು ಮುಟ್ಟಿ, 2021ರಲ್ಲಿ ಇಬ್ಬರೂ ಖುಲಾಸೆ ಆದರು.

ಎರಡೂ ಕಡೆ ಬಿಡಿಸಿದ್ದು ಹೊರಟ ಊರಿನಲ್ಲಿದ್ದ ಸಾಕ್ಷ್ಯ. ಆದ್ದರಿಂದ ಯಾರಾದರೂ ಹೀಗೆ ಸಿಕ್ಕಿಕೊಂಡರೆ ಮನೆಯವರ ಮೊದಲ ಕೆಲಸ ಆ ದೇಶಕ್ಕೆ ವಿಮಾನ ಹತ್ತುವುದಲ್ಲ. ಹೊರಟ ಏರ್‌ಪೋರ್ಟಿನ ಸಿಸಿಟಿವಿ ಅಳಿಸಿಹೋಗುವ ಮುಂಚೆ ಉಳಿಸಿಡಿ ಎಂದು ವಕೀಲರ ಮೂಲಕ ಬರವಣಿಗೆಯಲ್ಲಿ ಕೇಳಬೇಕು. ಚೆಕ್-ಇನ್ ಕೌಂಟರಿನಲ್ಲಿ ದಾಖಲಾದ ತೂಕ, ಟ್ಯಾಗ್ ನಂಬರು, ಪೊಟ್ಟಣ ಕೊಟ್ಟವರ ಜೊತೆಗಿನ ವಾಟ್ಸಾಪ್ ಮಾತು, ಕಾಲ್ ದಾಖಲೆ ಎಲ್ಲವನ್ನೂ ಒಟ್ಟು ಮಾಡಬೇಕು. ಒಂದನ್ನೂ ಡಿಲೀಟ್ ಮಾಡಬಾರದು, ಮುಜುಗರದ ಮಾತುಗಳಿದ್ದರೂ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ, ವಕೀಲರದ್ದು. ತಪಾಸಣೆಯ ಮೇಜಿನ ಹತ್ತಿರ ವಕೀಲರನ್ನು ಕರೆಸುವ ಹಕ್ಕು ಬಹುತೇಕ ಎಲ್ಲೂ ಇಲ್ಲ. ತಪಾಸಣೆ ಹೋಗಿ ಕೇಸು ಆಗುವ ಒಂದು ಗಡಿ ಇದೆ. ಹಕ್ಕುಗಳು ಶುರುವಾಗುವುದೇ ಅದನ್ನು ದಾಟಿದ ಮೇಲೆ. ಅಮೆರಿಕದ ನಿಯಮ ಇದನ್ನು ಬಿಡಿಸಿಯೇ ಬರೆದಿದೆ: ಒಳಗೆ ಬರಲು ಕಾಯುತ್ತಿರುವ ವಿದೇಶಿಯನಿಗೆ ಮೊದಲ ವಿಚಾರಣೆಯಲ್ಲೂ ಎರಡನೇ ವಿಚಾರಣೆಯಲ್ಲೂ ವಕೀಲರ ಹಕ್ಕಿಲ್ಲ. ಅವನ ಮೇಲೆ ಕ್ರಿಮಿನಲ್ ತನಿಖೆ ಶುರುವಾಗಿ, ವಶಕ್ಕೆ ತೆಗೆದುಕೊಂಡ ಮೇಲೆ ಮಾತ್ರ ಇದೆ.

ಆ ಗಡಿ ದಾಟಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: "ನಾನು ಈಗ ಹೋಗಬಹುದೇ?" ಇಲ್ಲ ಅಂದರೆ ಮುಂದಿನದು: "ನನ್ನನ್ನು ಬಂಧಿಸಿದ್ದೀರಾ? ಯಾವ ಕಾರಣಕ್ಕೆ?" ಜಗಳದ ದನಿ ಬೇಡ. ಪಾಸ್‌ಪೋರ್ಟ್, ಫೋನು ತೆಗೆದಿಟ್ಟುಕೊಂಡರು, ಬಾಗಿಲಲ್ಲಿ ಒಬ್ಬರು ನಿಂತರು, ಪೊಲೀಸರೋ ಮಾದಕ ವಸ್ತು ವಿಭಾಗದವರೋ ಬಂದರು, ಪ್ರಶ್ನೆಗಳು "ಇದು ಏನು" ಅನ್ನುವುದರಿಂದ "ಇದನ್ನು ಯಾರು ಕೊಟ್ಟರು, ಎಷ್ಟು ದುಡ್ಡು ಸಿಗುತ್ತಿತ್ತು" ಅನ್ನುವುದಕ್ಕೆ ತಿರುಗಿದವು ಅಂದರೆ ಗಡಿ ದಾಟಿದೆ ಎಂದೇ ತಿಳಿಯಿರಿ.

ಅದಕ್ಕೂ ಮುಂಚೆ, ಮೇಜಿನ ಹತ್ತಿರ ಕೇಳುವ ಮಾಮೂಲಿ ಪ್ರಶ್ನೆಗಳಿಗೆ ನಿಜವಾದ, ಚಿಕ್ಕ ಉತ್ತರ ಕೊಡಿ. ಬ್ಯಾಗು ನಿಮ್ಮದೇ? ನೀವೇ ಪ್ಯಾಕ್ ಮಾಡಿದಿರಾ? ಬೇರೆಯವರು ಏನಾದರೂ ಕೊಟ್ಟಿದ್ದಾರಾ? ಇವಕ್ಕೆ ಸುಳ್ಳು ಹೇಳುವುದೇ ಬೇರೆ ಅಪರಾಧ ಆಗಬಹುದು. ಸ್ನೇಹಿತನನ್ನು ಉಳಿಸಲು "ಎಲ್ಲಾ ನನ್ನದೇ" ಅನ್ನುವವರಿದ್ದಾರೆ. ಹಾಗೆ ಹೇಳಬೇಡಿ, ಆಮೇಲೆ ಮಾತು ಬದಲಿಸಿದರೆ ಯಾರೂ ನಂಬುವುದಿಲ್ಲ. ಕೇಸಿನ ಆ ಗಡಿ ದಾಟಿದ ಮೇಲೆ ಮಾತ್ರ ಹೆಚ್ಚು ವಿವರಣೆಗೆ ಹೋಗದೆ ದುಭಾಷಿ, ವಕೀಲ, ಎಂಬೆಸಿ ಮೂರನ್ನೂ ಕೇಳಿ. ಸುಮ್ಮನಿರುವ ಹಕ್ಕಿಗೂ ಒಂದು ಬೆಲೆ ಇದೆ ಅನ್ನುವುದು ಗೊತ್ತಿರಲಿ. ಬ್ರಿಟನ್, ಸಿಂಗಾಪುರಗಳಲ್ಲಿ ಆಗ ಹೇಳದೆ ಬಿಟ್ಟ ಮಾತನ್ನು ಆಮೇಲೆ ಕೋರ್ಟಿನಲ್ಲಿ ಹೇಳಿದರೆ, ಅದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಿಮ್ಮ ವಿರುದ್ಧ ತೂಗಬಹುದು. ಹಾಗಾಗಿ ಏನು ಹೇಳಬೇಕು, ಏನು ಬಿಡಬೇಕು ಅನ್ನುವುದಕ್ಕೇ ವಕೀಲರು ಬೇಕು.

ವಕೀಲರು ಎಷ್ಟು ಬೇಗ ಸಿಗುತ್ತಾರೆ ಅನ್ನುವುದರಲ್ಲಿ ಅಜಗಜಾಂತರ ಇದೆ. ಬ್ರಿಟನ್ನಿನಲ್ಲಿ ಬಂಧಿಸಿ ಠಾಣೆಗೆ ಕರೆದೊಯ್ದರೆ ವಿದೇಶಿಯರಿಗೂ ಉಚಿತ ವಕೀಲರ ಸಲಹೆ ಇದೆ. ಯುರೋಪಿಯನ್ ಒಕ್ಕೂಟದಲ್ಲಿ 2010ರ ನಿರ್ದೇಶನದಿಂದ ದುಭಾಷಿ ಮತ್ತು ಅನುವಾದದ ಹಕ್ಕು, 2012ರದ್ದರಿಂದ ನಿಮ್ಮ ಹಕ್ಕುಗಳನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡುವ ನಿಯಮ, 2013ರದ್ದರಿಂದ ವಕೀಲರ ಹಕ್ಕು ಬಂದಿವೆ. ಜಪಾನಿನಲ್ಲಿ ಆರೋಪ ಹೊರಿಸದೆಯೇ 23 ದಿನದವರೆಗೆ ಇಟ್ಟುಕೊಳ್ಳಬಹುದು. ವಿಚಾರಣೆಯ ಕೋಣೆಯಲ್ಲಿ ವಕೀಲರು ಪಕ್ಕದಲ್ಲಿ ಕೂರುವಂತಿಲ್ಲ. ಆದರೆ ಅಲ್ಲಿನ ವಕೀಲರ ಸಂಘದಿಂದ ಸರದಿಯ ವಕೀಲರೊಬ್ಬರು ಒಮ್ಮೆ ಉಚಿತವಾಗಿ ಬಂದು ನೋಡುತ್ತಾರೆ, ಅದನ್ನು ನೀವೇ ಕೇಳಬೇಕು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ 1966ರ ಅಂತರರಾಷ್ಟ್ರೀಯ ಒಡಂಬಡಿಕೆ ದುಭಾಷಿ, ಕಾರಣ ತಿಳಿಯುವ ಹಕ್ಕು, ಬಲವಂತದ ತಪ್ಪೊಪ್ಪಿಗೆಯಿಂದ ರಕ್ಷಣೆ ಎಲ್ಲವನ್ನೂ ಹೇಳುತ್ತದೆ. ಆದರೆ ಸಿಂಗಾಪುರ, ಮಲೇಷ್ಯಾ, ಯುಎಇ, ಸೌದಿ ಅರೇಬಿಯ ಅದಕ್ಕೆ ಸೇರಿಯೇ ಇಲ್ಲ. ಅಲ್ಲಿ ನಿಮಗೆ ಸಿಗುವುದು ಅಲ್ಲಿನ ಕಾನೂನು ಕೊಟ್ಟಷ್ಟು.

ಎಂಬೆಸಿಯ ಹಕ್ಕು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಇದೆ. ಅದು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ. ವಿದೇಶಿಯನನ್ನು ಬಂಧಿಸಿದರೆ ನಿಮ್ಮ ಎಂಬೆಸಿಗೆ ತಿಳಿಸಬೇಕೇ ಎಂದು ತಡಮಾಡದೆ ಕೇಳಬೇಕು. ಅವನು ಹೌದೆಂದರೆ ತಡಮಾಡದೆ ತಿಳಿಸಬೇಕು. ಎಂಬೆಸಿಯವರು ಬಂದು ನೋಡಬಹುದು, ಪತ್ರ ಬರೆಯಬಹುದು, ವಕೀಲರನ್ನು ಗೊತ್ತುಮಾಡಿಕೊಡಬಹುದು. ಅಮೆರಿಕದ ಅರಿಜೋನಾದಲ್ಲಿ ಜರ್ಮನಿಯ ಇಬ್ಬರು ಸಹೋದರರಿಗೆ ಈ ಹಕ್ಕನ್ನು ಹೇಳದೆ ವಿಚಾರಣೆ ನಡೆಸಿ ಮರಣದಂಡನೆ ವಿಧಿಸಿದರು, 1999ರಲ್ಲಿ ಅದನ್ನು ಜಾರಿಯೂ ಮಾಡಿದರು. ಜರ್ಮನಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಇದು ದೇಶದ ಹಕ್ಕು ಮಾತ್ರವಲ್ಲ, ಬಂಧಿತ ವ್ಯಕ್ತಿಯದ್ದೂ ಹಕ್ಕು ಎಂದು ಆ ನ್ಯಾಯಾಲಯ 2001ರಲ್ಲಿ ಹೇಳಿತು. ಗಮನಿಸಿ: ಸಾಮಾನ್ಯವಾಗಿ ನೀವು ಬೇಕು ಎಂದು ಹೇಳಿದರೆ ಮಾತ್ರ ತಿಳಿಸುತ್ತಾರೆ. ಆ ಗಾಬರಿಯಲ್ಲಿ "ಬೇಡ, ಮನೆಗೆ ಗೊತ್ತಾಗುತ್ತೆ" ಎಂದುಬಿಡುವವರು ತುಂಬಾ ಜನ. ಎಂಬೆಸಿಗೆ ಹೇಳುವುದೇ ಬೇರೆ, ಮನೆಗೆ ಹೇಳುವುದೇ ಬೇರೆ. ಎರಡು ದೇಶದ ಪೌರತ್ವ ಇರುವವರಿಗೆ ಒಂದು ಎಚ್ಚರಿಕೆ. ಹಿಡಿದ ದೇಶ ನಿಮ್ಮನ್ನು ತನ್ನದೇ ಪ್ರಜೆ ಎಂದು ಲೆಕ್ಕ ಹಾಕಿದರೆ ಇನ್ನೊಂದು ದೇಶದ ಎಂಬೆಸಿಯನ್ನು ಹತ್ತಿರ ಬಿಡದೇ ಇರಬಹುದು.

ಎಂಬೆಸಿ ಬಂದು ಬಿಡಿಸಿಕೊಂಡು ಹೋಗುತ್ತದೆ ಅನ್ನುವುದು ಮಾತ್ರ ಸಿನಿಮಾದ ಮಾತು. ಅವರು ಕೋರ್ಟಿನಲ್ಲಿ ವಾದ ಮಾಡುವುದಿಲ್ಲ, ದಂಡ ಕಟ್ಟುವುದಿಲ್ಲ, ಅಪರಾಧ ಮಾಡಿಲ್ಲ ಎಂದು ಸರ್ಟಿಫಿಕೇಟ್ ಕೊಡುವುದಿಲ್ಲ. ಆದರೆ ಹೊರಗಿನವರೊಬ್ಬರು ನೋಡುತ್ತಿದ್ದಾರೆ ಅನ್ನುವುದೇ ಠಾಣೆಯಲ್ಲಿ ನಡವಳಿಕೆ ಬದಲಿಸುತ್ತದೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಆ ಹಾಳೆ. ಇಂಥ ಕಡೆ ಕೊಡುವ ಹಾಳೆಗಳು ನೋಡಲು ಎಲ್ಲವೂ ಒಂದೇ ಥರ ಇರುತ್ತವೆ. ಮೇಲೆ ಇಲಾಖೆಯ ಮುದ್ರೆ, ಪಾಸ್‌ಪೋರ್ಟ್ ನಂಬರು, ನಡುವೆ ಕೈಯಲ್ಲಿ ಬರೆದ ನಾಲ್ಕು ಸಾಲು, ಒಂದು ಮೂಲೆಯಲ್ಲಿ ಎಣಿಕೆಯೋ ತೂಕವೋ, ಕೆಳಗೆ ಸಹಿಗೆ ಗೆರೆ. ಆದರೆ ಅವುಗಳಲ್ಲಿ ಮೂರು ಬಗೆ. ಈ ವಸ್ತುಗಳನ್ನು ನನ್ನಿಂದ ತೆಗೆದುಕೊಂಡರು ಅನ್ನುವ ಜಪ್ತಿ ಪಟ್ಟಿ, ಅದು ಬರೀ ರಸೀದಿ. ಈ ವಸ್ತುಗಳ ಮೇಲೆ ನನ್ನ ಹಕ್ಕು ಬಿಟ್ಟುಕೊಟ್ಟಿದ್ದೇನೆ, ನಾಶ ಮಾಡಬಹುದು ಅನ್ನುವ ಒಪ್ಪಿಗೆ. ಮೂರನೆಯದು ಹೇಳಿಕೆ: ಇದು ನನ್ನದು, ನಾನೇ ತಂದೆ, ನಿಷೇಧ ಇದೆ ಎಂದು ಗೊತ್ತಿತ್ತು. ಮೊದಲೆರಡಕ್ಕೆ ಸಹಿ ಹಾಕಿದ್ದರೆ ಕಳೆದುಕೊಂಡಿದ್ದು ಮಾತ್ರೆ ಮತ್ತು ವೇಪ್ ಅಷ್ಟೇ. ಮೂರನೆಯದಾದರೆ ಅದು ತಪ್ಪೊಪ್ಪಿಗೆ.

ಓದಲು ಬಾರದ ಹಾಳೆ ಮುಂದೆ ಬಂದಾಗ ದುಭಾಷಿ ಬೇಕು ಎನ್ನಬೇಕು. ಸಹಿ ಹಾಕದಿದ್ದರೆ ಅದೇ ಒಂದು ಅಪರಾಧ ಎಂದು ಸಾಮಾನ್ಯವಾಗಿ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಕಾಯಬೇಕಾಗುತ್ತದೆ, ವಿಮಾನ ತಪ್ಪಬಹುದು, ಅಧಿಕಾರಿಗೆ ಸಿಟ್ಟು ಬರಬಹುದು. ಬೇರೆ ದಾರಿಯೇ ಇಲ್ಲದಿದ್ದರೆ ಸಹಿಯ ಪಕ್ಕದಲ್ಲೇ, ನಿಮಗೆ ಬರೆಯಲು ಬರುವ ಭಾಷೆಯಲ್ಲಿ, "ಈ ಹಾಳೆಯ ಭಾಷೆ ನನಗೆ ಓದಲು ಬರುವುದಿಲ್ಲ, ಯಾರೂ ಅನುವಾದ ಮಾಡಿ ಹೇಳಿಲ್ಲ" ಎಂದು ಬರೆದು ದಿನಾಂಕ, ಹೊತ್ತು ಹಾಕಿ. ಒಂದು ಪ್ರತಿ ಕೇಳಿ. ಕೊಡದಿದ್ದರೆ ಫೋಟೊ ತೆಗೆಯಬಹುದೇ ಎಂದು ಕೇಳಿ, ಕೇಳದೆ ತೆಗೆಯಬೇಡಿ. ಎಷ್ಟೋ ದೇಶಗಳಲ್ಲಿ ಕಸ್ಟಮ್ಸ್ ಜಾಗದಲ್ಲಿ ಫೋಟೊ ತೆಗೆಯುವುದೇ ತಪ್ಪು. ನಿಮ್ಮ ತಮ್ಮನ ಹಾಗೆ ಎರಡು ಗಂಟೆ ಕೂತು ಸುಸ್ತಾದವನು ಸಹಿ ಹಾಕಿಬಿಟ್ಟ ಅಂದರೆ ನಾನು ಅವನನ್ನು ಬೈಯುವುದಿಲ್ಲ. ಹೆಚ್ಚಿನವರು ಅದನ್ನೇ ಮಾಡುತ್ತಾರೆ.

ಸಿಕ್ಕ ಮೇಲೆ ಇರುವ ದಾರಿಗಳು ಯಾವುವು ಅಂದರೆ, ವಸ್ತು ಬಿಟ್ಟುಕೊಟ್ಟು ಹೋಗುವುದು ಎಲ್ಲಕ್ಕಿಂತ ಸುಲಭದ್ದು. ಬೆಲೆಬಾಳುವುದು ಅಲ್ಲದಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಬೆಲೆಬಾಳುವಂಥದ್ದಾದರೆ ಜಪ್ತಿಯನ್ನು ಪ್ರಶ್ನಿಸಬಹುದು, ಆದರೆ ಅವಧಿ ಬಹಳ ಕಡಿಮೆ. ಬ್ರಿಟನ್ನಿನಲ್ಲಿ ಒಂದು ತಿಂಗಳೊಳಗೆ ಬರೆದು ತಿಳಿಸದಿದ್ದರೆ ವಸ್ತು ಸರ್ಕಾರದ್ದೇ. ಇನ್ನೊಂದು, ಅಲ್ಲೇ ದಂಡ ಕಟ್ಟಿ ಮುಗಿಸುವುದು. ನ್ಯೂಜಿಲೆಂಡಿನಲ್ಲಿ ಹಣ್ಣು, ಬೀಜದಂಥ ವಸ್ತುಗಳನ್ನು ಡಿಕ್ಲೇರ್ ಮಾಡದೆ ತಂದರೆ ಸ್ಥಳದಲ್ಲೇ 400 ಡಾಲರ್ ದಂಡ, ಅಲ್ಲಿಗೆ ಮುಗಿಯಿತು. ಆದರೆ ಕೆಲವು ಕಡೆ ದಂಡ ಕಟ್ಟಿದ್ದೇ ತಪ್ಪು ಒಪ್ಪಿಕೊಂಡ ಹಾಗೆ ದಾಖಲಾಗುತ್ತದೆ. ಕಟ್ಟುವ ಮುಂಚೆ ಕೇಳಬೇಕಾದ್ದು ಇದನ್ನೇ: ಇದು ಶಿಕ್ಷೆ ಎಂದು ದಾಖಲಾಗುತ್ತದಾ? ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕೊಟ್ಟರೆ ಲಂಚದ ಕೇಸು ಬೇರೆ ಸೇರಿಕೊಳ್ಳುತ್ತದೆ.

ಕೇಸೇ ಆದರೆ ಬೇಗ ಮುಗಿಯುತ್ತದೆ ಎಂದು ತಪ್ಪು ಒಪ್ಪಿಕೊಳ್ಳುವ ಆಸೆ ಬರುತ್ತದೆ. ಅಧಿಕಾರಿಗಳೂ "ಒಪ್ಪಿಕೋ, ನಾಳೆ ಮನೆಗೆ ಹೋಗುತ್ತೀಯ" ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಗಡೀಪಾರು, ಮತ್ತೆ ಕಾಲಿಡದಂತೆ ತಡೆ, ಬೇರೆ ದೇಶಗಳ ವೀಸಾಕ್ಕೆ ಅಡ್ಡಿ ಇವೆಲ್ಲ ಹಿಂದೆಯೇ ಬರುತ್ತವೆ. ಅಲ್ಲಿನ ಸ್ಥಳೀಯ ವಕೀಲರನ್ನು ಕೇಳದೆ ಈ ತೀರ್ಮಾನ ಬೇಡವೇ ಬೇಡ. ಊರಿನಿಂದ ಫೋನಿನಲ್ಲಿ ನಾನು ಹೇಳುವ ಸಲಹೆ ಅಲ್ಲಿನ ಕೋರ್ಟಿನ ಒಳಗೆ ನಡೆಯುವುದಿಲ್ಲ. ಕಾನೂನು ಬದಲಾಗುತ್ತಲೂ ಇರುತ್ತದೆ. ಯುಎಇಯಲ್ಲಿ 2022ರಿಂದ ಜಾರಿಗೆ ಬಂದ ಕಾನೂನಿನಲ್ಲಿ ಗಾಂಜಾ ಅಂಶ ಇರುವ ತಿಂಡಿ, ಪಾನೀಯ ಮೊದಲ ಸಲ ಬ್ಯಾಗಿನಲ್ಲಿ ಸಿಕ್ಕರೆ ಜಪ್ತಿ ಮಾಡಿ ಬಿಡುವ ಅವಕಾಶ ಇದೆ. ಅದಕ್ಕಿಂತ ಮುಂಚಿನ ಕಥೆಗಳನ್ನು ಓದಿ ಈಗಲೂ ಹೆದರುವವರಿದ್ದಾರೆ. ಹಾಗೇ ಹಳೆಯ ಸಡಿಲಿಕೆ ನಂಬಿ ಸಿಕ್ಕಿಬೀಳುವವರೂ ಇದ್ದಾರೆ.

ಮುಂದಿನ ಪ್ರಯಾಣಕ್ಕೆ ನಿಮ್ಮ ತಮ್ಮ ಮಾಡಬೇಕಾದ್ದು ಹೆಚ್ಚೇನಿಲ್ಲ. ತಲುಪುವ ದೇಶದ ಜೊತೆಗೆ ಮಧ್ಯೆ ಇಳಿಯುವ ದೇಶದ ನಿಯಮವನ್ನೂ ನೋಡಲಿ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿ, ಪ್ರಯಾಣಿಕರು ಯಾವ ದೇಶಕ್ಕೆ ಯಾವ ಔಷಧವನ್ನು ಹೇಗೆ ಒಯ್ಯಬಹುದು ಎಂದು ದೇಶವಾರು ಪ್ರಕಟಿಸುತ್ತದೆ, ಅಲ್ಲಿಂದ ಶುರು ಮಾಡಬಹುದು. ಟ್ರಮಡಾಲಿಗೆ ಬದಲು ಬೇರೆ ಮಾತ್ರೆ ಇದೆಯೇ ಎಂದು ಡಾಕ್ಟರನ್ನು ಕೇಳಲಿ. ಅದೇ ಬೇಕೆಂದರೆ ಮೊದಲೇ ಅನುಮತಿ ಪಡೆದು, ಕಂಪನಿಯ ಡಬ್ಬದಲ್ಲೇ, ಪ್ರಯಾಣಕ್ಕೆ ಬೇಕಾದಷ್ಟೇ, ಔಷಧದ ಅಂಶದ ಹೆಸರಿರುವ ಪತ್ರದ ಜೊತೆ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಅಲ್ಲಿ ಇಳಿದ ಮೇಲೆ ರೆಡ್ ಚಾನೆಲ್‌ಗೆ ಹೋಗಿ ತಾನೇ ತೋರಿಸಲಿ. ಗ್ರೀನ್ ಚಾನೆಲ್‌ನಲ್ಲಿ ನಡೆದರೆ "ನನ್ನ ಹತ್ತಿರ ಹೇಳುವಂಥದ್ದು ಏನೂ ಇಲ್ಲ" ಎಂದು ಬಾಯಿಬಿಟ್ಟು ಹೇಳಿದ ಹಾಗೆ. ಒಂದೇ ಮಾತ್ರೆ ತಾನಾಗಿ ತೋರಿಸಿದವನ ಕೈಯಲ್ಲಿ ಒಂದು ಥರ ಕಾಣುತ್ತದೆ, ಸಾಕ್ಸಿನ ಒಳಗಿಂದ ಸಿಕ್ಕಾಗ ಇನ್ನೊಂದು ಥರ. ಬೇರೆಯವರ ಪೊಟ್ಟಣ ಮಾತ್ರ ಬೇಡ, ಕೊಟ್ಟವರು ಯಾರೇ ಆಗಿರಲಿ. ಚೆಕ್-ಇನ್‌ಗೆ ಕೊಡುವ ಮುಂಚೆ ತೂಕದ ಯಂತ್ರದ ಮೇಲಿರುವ ಸೂಟ್‌ಕೇಸಿನ ಫೋಟೊ ತೆಗೆದು, ಟ್ಯಾಗಿನ ಚೂರು ಜೋಪಾನ ಮಾಡಿಕೊಳ್ಳಲಿ.

ಕೊನೆಗೆ, ದಾಖಲೆ ಇದೆಯೇ ಅನ್ನುವುದು. ಕಸ್ಟಮ್ಸ್‌ನವರ ಕಂಪ್ಯೂಟರಿನಲ್ಲಿ ಅವನ ಪಾಸ್‌ಪೋರ್ಟ್ ನಂಬರಿನ ಎದುರು ಒಂದು ಸಾಲು ಇರುವ ಸಾಧ್ಯತೆ ಜಾಸ್ತಿ. ಮುಂದಿನ ಸಲ ಮತ್ತೆ ಪಕ್ಕಕ್ಕೆ ಕರೆಯಬಹುದು, ಅದಕ್ಕೆ ಸಿದ್ಧವಾಗಿ ಎರಡು ಗಂಟೆ ಬಿಡುವಿಟ್ಟು ಟಿಕೆಟ್ ಮಾಡಿಸಲಿ. ಅದು ಶಿಕ್ಷೆಯ ದಾಖಲೆಯೇ ಅನ್ನುವುದು ಆ ಹಾಳೆಯ ಪ್ರತಿ ಇದ್ದರೆ ಗೊತ್ತಾಗುತ್ತದೆ. ಇದ್ದರೆ ಅಧಿಕೃತ ಅನುವಾದಕರಿಂದ ಅನುವಾದ ಮಾಡಿಸಿ. ಇಲ್ಲದಿದ್ದರೆ ಆ ದೇಶದ ವಕೀಲರೊಬ್ಬರಿಗೆ ಅಧಿಕಾರ ಪತ್ರ ಕೊಟ್ಟು, ಅವನ ಹೆಸರಿನಲ್ಲಿ ಬಾಕಿ ಕೇಸಾಗಲಿ ಪ್ರಯಾಣ ನಿರ್ಬಂಧವಾಗಲಿ ಇದೆಯೇ ಎಂದು ವಿಚಾರಿಸಬಹುದು. ಇದನ್ನು ಹೊರಡುವ ಹಿಂದಿನ ವಾರಕ್ಕೆ ಬಿಡದೆ ಈಗಲೇ ಶುರು ಮಾಡಿ. ಅಷ್ಟರವರೆಗೆ ಯಾವ ವೀಸಾ ಅರ್ಜಿಯನ್ನೂ ಅವಸರದಲ್ಲಿ ತುಂಬಬೇಡಿ. ಅಮೆರಿಕದ ಅರ್ಜಿಯಂತೂ ಶಿಕ್ಷೆ ಆಗಿದೆಯೇ ಎಂದಷ್ಟೇ ಅಲ್ಲ, ಎಂದಾದರೂ ಬಂಧನ ಆಗಿದೆಯೇ ಎಂದೂ ಕೇಳುತ್ತದೆ. ರೂಮಿನಲ್ಲಿ ಎರಡು ಗಂಟೆ ಕೂರಿಸಿದ್ದು ಆ ದೇಶದ ಕಾನೂನಿನಲ್ಲಿ ಬಂಧನವೋ, ಬರೀ ತಪಾಸಣೆಯೋ ಎಂದು ಅಲ್ಲಿನ ವಕೀಲರಿಂದಲೇ ಬರವಣಿಗೆಯಲ್ಲಿ ಉತ್ತರ ತೆಗೆದುಕೊಂಡು, ಆಮೇಲೆ ಆ ಕಾಲಂ ತುಂಬಲಿ.